ಸತುವಿನ ಗೋಡೆಯ ಮೇಲೊಂದು ಕೈಗುರುತು

"ಮೇಡಂ, ಕೈ ತೆಗೀರಿ!"

ಹಿಂದಿನಿಂದ ಬಂದ ಗದರಿಕೆಗೆ ಅವಳು ಬೆಚ್ಚಿಬಿದ್ದಳು. ಆದರೆ ಆಗಬೇಕಾದ್ದು ಆಗಿಹೋಗಿತ್ತು. ಅವಳ ಬಲಗೈ, ಐದೂ ಬೆರಳು ಅಗಲಿಸಿಕೊಂಡು, ಥಳಥಳ ಹೊಳೆಯುತ್ತಿದ್ದ ಹೊಸ ತಗಡಿನ ಮೇಲೆ ಹಾಯಾಗಿ ಕೂತುಬಿಟ್ಟಿತ್ತು.

ಮೆಲ್ಲಗೆ ಕೈ ಎತ್ತಿದಳು. ಅಯ್ಯೋ... ಅಂಗೈ ಗೆರೆಗಳ ಸಮೇತ ಇಡೀ ಕೈ ಅಲ್ಲಿ ಮೂಡಿತ್ತು.

ತಿರುಗಿದರೆ ಎದುರಿಗೆ ಒಬ್ಬ ಎತ್ತರದ ಮನುಷ್ಯ. ಕೈಗೆ ಗ್ಲೌಸ್, ಕಂಕುಳಲ್ಲಿ ಮರದ ಸುತ್ತಿಗೆ, ಮೂಗಿನ ತುದಿಯಲ್ಲಿ ಕೋಪ.

"ಯಾರನ್ನ ಕೇಳಿ ವರ್ಕ್‌ಶಾಪ್ ಒಳಗೆ ಬಂದ್ರಿ ನೀವು? ಬರಿಗೈಯಲ್ಲಿ ಮುಟ್ಟಬಾರದು ಅಂತ ಡ್ರಾಯಿಂಗ್‌ನಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಹೊಸ ಸತುವಿನ ಮೇಲೆ ಕೈ ಬೆವರು ಕೂತ್ರೆ ಒರೆಸಿದ್ರೂ ಹೋಗಲ್ಲ. ಬರೆದ ಪುಣ್ಯಾತ್ಮರಿಗೆ ಅದು ಗೊತ್ತು. ನೋಡೋಕೆ ಬರೋರಿಗೆ ಯಾರು ಹೇಳ್ಬೇಕು?"

ಅವಳಿಗೆ ಆ ತಗಡಿನ ರಾಶಿಯ ಹಿಂದೆ ಹೋಗಿ ಅಡಗಿಕೊಳ್ಳೋಣ ಅನ್ನಿಸಿತು.

"ಆ ಪುಣ್ಯಾತ್ಮೆ ನಾನೇ," ಅಂದಳು, ನೆಲ ನೋಡುತ್ತ.

"ಏನಂದ್ರಿ?"

"ಡ್ರಾಯಿಂಗ್ ನಂದು. ಆ ದಪ್ಪಕ್ಷರಾನೂ ನಂದೇ. ಲೈಬ್ರರಿ ಕಟ್ಟಡದ ಆರ್ಕಿಟೆಕ್ಟ್ ನಾನು. ಮೊದಲ ತಗಡು ಮಡಿಚಿದ್ದೀರಿ ಅಂತ ಗೊತ್ತಾಯ್ತು, ನೋಡೋಣ ಅಂತ ಬಂದೆ. ನೋಡ್ತಾ ನೋಡ್ತಾ... ಕೈ ಹೋಯ್ತು."

ಅವನ ಕೋಪಕ್ಕೆ ಈಗ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ. ಸುತ್ತಿಗೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. ಕೊನೆಗೆ ನಕ್ಕುಬಿಟ್ಟ.

"ಬೈದಿದ್ದು ವಾಪಸ್ ತಗೊಳ್ಳಲಾ ಮೇಡಂ?"

"ಬೇಡ. ಬೈಸಿಕೊಳ್ಳೋ ಕೆಲಸಾನೇ ಮಾಡಿದ್ದೀನಿ. ಆ ತಗಡನ್ನ ತೆಗೆದು ಪಕ್ಕಕ್ಕೆ ಹಾಕಿಬಿಡಿ."

"ಹಾಕ್ತೀನಿ ಬಿಡಿ," ಅಂದ.

ಹಾಕಲಿಲ್ಲ. ಅದು ಆಮೇಲಿನ ಮಾತು.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತಗಡು ಮೇಸ್ತ್ರಿ ಅಂತ. ಅವನಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಬೇಜಾರಾಗಿದ್ದು ನಮ್ಮ ಆರ್ಕಿಟೆಕ್ಟ್ ಮೇಡಂಗೆ. ಯಾಕೆಂದರೆ ಊರಿನಲ್ಲಿ 'ತಗಡು' ಅಂದರೆ ಸಾಕು, ಜನ ಮೂಗು ಮುರಿಯುತ್ತಿದ್ದರು.

ನಗರಸಭೆಯ ಅಧ್ಯಕ್ಷರಂತೂ ಮೊದಲ ಸಭೆಯಲ್ಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಲೈಬ್ರರಿ ಗೋಡೆಗೆ ತಗಡಾ? ನಮ್ಮನೆ ಹಿಂದೆ ಸೌದೆ ಹಾಕೋ ಶೆಡ್ಡಿಗೂ ತಗಡೇ ಹೊಡೆಸಿರೋದು ಕಣಮ್ಮ."

ಅವಳು ಚೀಲದಿಂದ ಅಂಗೈಯಗಲದ ಒಂದು ತುಂಡು ತೆಗೆದು ಅವರ ಮುಂದಿಟ್ಟಿದ್ದಳು. ಮೋಡದ ಬೆಳಿಗ್ಗೆಯ ಬಣ್ಣದ, ಮೃದುವಾದ ಬೂದು ತುಂಡು.

"ಇದು ನಾನು ಓದಿದ ಸ್ಕೂಲಿನ ಮಾಡಿನದು ಸರ್. ಅದನ್ನ ಕೆಡವುವಾಗ ಎತ್ತಿಟ್ಟುಕೊಂಡೆ. ನಮ್ಮಜ್ಜಿ ಓದುವಾಗಲೂ ಇದೇ ಮಾಡು ಇತ್ತಂತೆ. ಒಂದು ಸಲಾನೂ ಬಣ್ಣ ಕಂಡಿಲ್ಲ. ಜಿಂಕ್, ಅಂದ್ರೆ ಸತು, ಹೊಸದರಲ್ಲಿ ಹೊಳೆಯುತ್ತೆ, ಗಾಳಿ ಮಳೆ ತಾಗ್ತಾ ತಾಗ್ತಾ ತಾನೇ ಬೂದು ಬಣ್ಣಕ್ಕೆ ತಿರುಗುತ್ತೆ. ಆ ಬೂದು ಪದರಾನೇ ಅದಕ್ಕೆ ಕಾವಲು. ಸಣ್ಣಪುಟ್ಟ ಗೀರು ಬಿದ್ರೆ ನಿಧಾನಕ್ಕೆ ತಾನೇ ಮುಚ್ಚಿಕೊಳ್ಳುತ್ತೆ. ಸಾರ್ವಜನಿಕ ಕಟ್ಟಡ ಅಂದ್ರೆ ಗೊತ್ತಲ್ಲ ಸರ್, ಉದ್ಘಾಟನೆಗೆ ಎಲ್ಲರೂ ಬರ್ತಾರೆ, ಆಮೇಲೆ ನೋಡಿಕೊಳ್ಳೋಕೆ ಯಾರೂ ಬರಲ್ಲ. ತನ್ನನ್ನ ತಾನೇ ನೋಡಿಕೊಳ್ಳೋ ಗೋಡೆ ಬೇಕು ಅದಕ್ಕೆ."

ಅಧ್ಯಕ್ಷರು ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಆಗಲಿ, ನೋಡೋಣ" ಅಂದಿದ್ದರು. ಅವರ 'ನೋಡೋಣ' ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು. ಅವಳು ಸ್ವಂತ ಹೆಸರಿನಲ್ಲಿ ಕಟ್ಟಿಸುತ್ತಿದ್ದ ಮೊದಲ ಕಟ್ಟಡ ಅದು. ಗೋಡೆ ಕೆಟ್ಟರೆ ಊರಿನವರ ಬಾಯಿಗೆ ಅವಳೇ ಆಹಾರ.

ಅದೇ ತುಂಡನ್ನು ವರ್ಕ್‌ಶಾಪಿನಲ್ಲಿ ಮೇಸ್ತ್ರಿಗೂ ತೋರಿಸಿದಳು. ಅವನು ಅದನ್ನು ಬೆಳಕಿಗೆ ಹಿಡಿದು, ಅಂಚಿನ ಮಡಿಕೆಯನ್ನು ಹೆಬ್ಬೆರಳಿಂದ ಸವರಿದ.

"ಯಾರು ಮಡಿಚಿದ್ರೋ... ಒಳ್ಳೇ ಕೈ. ಇದನ್ನ ನೋಡಿದ ಮೇಲೆ ನಾನು ಕೆಟ್ಟದಾಗಿ ಮಡಿಚೋಕಾಗುತ್ತಾ? ನೀವು ಒಳ್ಳೇ ಕಷ್ಟಕ್ಕೆ ಸಿಕ್ಕಿಸಿದ್ರಿ ಮೇಡಂ."

ಅವತ್ತಿಂದ ಅವಳಿಗೆ ವರ್ಕ್‌ಶಾಪಿಗೆ ಹೋಗಲು ದಿನಾ ಒಂದೊಂದು ನೆಪ. ಇಬ್ಬರೂ ಜಗಳವಾಡುತ್ತಿದ್ದರು, ಅದೂ ಹೊಟ್ಟೆತುಂಬ. ಗೋಡೆಯ ಮೂಲೆಯನ್ನು ಹೇಗೆ ತಿರುಗಿಸಬೇಕು ಅನ್ನುವುದರಲ್ಲಿ ಅವಳು ಗೆದ್ದಳು, ಕಿಟಕಿಯ ಚೌಕಟ್ಟಿನಲ್ಲಿ ಅವನು ಗೆದ್ದ. ತಗಡಿನ ಹಿಂದೆ ಗಾಳಿ ಆಡಲು ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ಮಾತ್ರ ಇಬ್ಬರೂ ಒಂದೇ ಉಸಿರಿಗೆ ಒಂದೇ ಅಳತೆ ಹೇಳಿ, ಮುಖ ಮುಖ ನೋಡಿಕೊಂಡರು.

ಒಂದು ದಿನ ಬಾಗಿಲ ಪಕ್ಕದ ಮೊಳೆಯಲ್ಲಿ ಹೊಸ ಗ್ಲೌಸ್ ನೇತಾಡುತ್ತಿತ್ತು. ಚಿಕ್ಕ ಅಳತೆಯದು.

"ಇದು ಯಾರಿಗೆ?"

"ನಿಮಗೇ. ನಮ್ಮ ಗ್ಲೌಸ್ ಒಂದರಲ್ಲೇ ನಿಮ್ಮ ಎರಡೂ ಕೈ ಹೋಗುತ್ತೆ. ಆಮೇಲೆ ಅದು ಜಾರಿತು, ಕೈ ತಗಲಿತು ಅಂತ ನೆಪ ಹೇಳ್ತೀರಿ."

ಹಾಕಿಕೊಂಡಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನನ್ನ ಕೈ ಅಳತೆ ಇವನಿಗೆ ಹೇಗೆ ಗೊತ್ತು? ಅಂದುಕೊಂಡಳು.

ಮನೆಯಲ್ಲಿ ಅಮ್ಮ ಕೇಳಿಯೇ ಬಿಟ್ಟರು.

"ಮೂರು ಹೊತ್ತೂ ತಗಡು ತಗಡು ಅಂತೀಯಲ್ಲೇ ಪುಟ್ಟಿ. ಆ ತಗಡಿಗೆ ಮೀಸೆ ಇದೆಯಾ?"

"ಅಮ್ಮಾ, ಸುಮ್ನಿರು."

"ನಾನೇನಂದೆ ಈಗ? ಮೀಸೆ ಇದೆಯಾ ಅಂತ ಕೇಳ್ದೆ ಅಷ್ಟೇ."

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ಮುಖ ಬಿಸಿಯಾಗಿತ್ತು. ನಲ್ಲಿ ತಿರುಗಿಸಿ ಒಂದೇ ತಟ್ಟೆಯನ್ನು ಎರಡೆರಡು ಸಲ ತೊಳೆದಳು. 'ಹೌದು, ನಾನು ಹೋಗ್ತಿರೋದು ತಗಡು ನೋಡೋಕಾ, ತಗಡು ಮೇಸ್ತ್ರೀನಾ?'

ಒಂದು ಸಂಜೆ ಅವಳೂ ಮೇಸ್ತ್ರಿಯೂ ಕಟ್ಟಡದ ಹತ್ತಿರವೇ ಇದ್ದರು. ವ್ಯಾನಿನಿಂದ ಹೊಸ ತಗಡುಗಳನ್ನು ಇಳಿಸಿ ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಕೆಲಸದವರು ಮನೆಗೆ ಹೊರಟಿದ್ದರು. ಆಗ ಪಕ್ಕದ ಮನೆಯವರ ಫೋನ್ ಬಂತು.

"ನಿಮ್ಮಮ್ಮ ಬಚ್ಚಲಲ್ಲಿ ಜಾರಿಬಿದ್ದಿದ್ದಾರೆ ಕಣಮ್ಮ. ಏಳೋಕಾಗ್ತಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೊರಟಿದ್ದೀವಿ, ನೀನು ಬೇಗ ಬಾ."

ಅವಳ ಜೀವ ಬಾಯಿಗೆ ಬಂತು. ಕೈಯಲ್ಲಿದ್ದ ನಕ್ಷೆ ಎಲ್ಲಿ ಬಿತ್ತೋ ಅವಳಿಗೆ ಗೊತ್ತಿಲ್ಲ. ಅವನು ಒಂದೂ ಪ್ರಶ್ನೆ ಕೇಳಲಿಲ್ಲ. ವ್ಯಾನಿನ ಬಾಗಿಲು ತೆರೆದು, "ಹತ್ತಿ" ಅಂದ.

ದಾರಿಯುದ್ದಕ್ಕೂ ಅವಳು ಒಂದೇ ಸಮ ಮಾತಾಡಿದಳು, ಏನು ಮಾತಾಡಿದೆ ಅಂತ ಅವಳಿಗೇ ನೆನಪಿಲ್ಲ. ಅವನು "ಹ್ಞೂಂ... ಏನೂ ಆಗಲ್ಲ... ಹ್ಞೂಂ" ಅನ್ನುತ್ತ ಓಡಿಸಿದ.

ಆಸ್ಪತ್ರೆಯಲ್ಲಿ ಅಮ್ಮ ಉದ್ದ ಬೆಂಚಿನ ಮೇಲೆ ಕಾಲು ಚಾಚಿ, ಮುಖ ಬಿಳಿಚಿಕೊಂಡು ಕೂತಿದ್ದರು. ಅವಳು ಹೆಸರು ಬರೆಸಲು, ಡಾಕ್ಟರನ್ನು ಹುಡುಕಲು, ಔಷಧಿ ತರಲು ಮಹಡಿ ಹತ್ತಿಳಿಯುತ್ತಿದ್ದರೆ ಅಮ್ಮನ ಪಕ್ಕದಲ್ಲಿ ಅವನು ಕೂತಿದ್ದ. ಹೊರಗೆ ಮಳೆ ಹಿಡಿಯಿತು. ಸಣ್ಣ ಮಳೆಯಲ್ಲ, ಕಿಟಕಿಯ ಗಾಜಿಗೆ ರಪರಪ ಬಡಿಯುವ ಮಳೆ. ಅವಳು ಹಿಂದಿರುಗಿದಾಗಲೆಲ್ಲ ಅವನು ಆ ಕಿಟಕಿಯನ್ನೇ ನೋಡುತ್ತಿದ್ದ.

"ನೀವು ಹೋಗಿ, ನಿಮಗೆ ಕೆಲಸ ಇರುತ್ತೆ," ಅಂದಳು.

"ಏನಿಲ್ಲ. ಎಕ್ಸ್‌ರೇ ಬರಲಿ."

ಎಕ್ಸ್‌ರೇ ಬಂತು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು ಅಷ್ಟೇ. ಡಾಕ್ಟರ್ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳು ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಅಬ್ಬಾ... ಹೋದ ಜೀವ ಬಂದಂತಾಯಿತು. ಅಳು ಬಂತು, ನಗುವೂ ಬಂತು.

ಅವನು ಅವಳ ಕೈಗೆ ಒಂದು ಲೋಟ ಬಿಸಿ ಟೀ ಕೊಟ್ಟ. ಅವರಿಬ್ಬರನ್ನೂ ಮನೆ ಬಾಗಿಲಿಗೆ ಬಿಟ್ಟು ಹೋದ.

ಗೋಡೆಗೆ ಕಟ್ಟಿದ್ದ ಸಾರವೆ ಬಿಚ್ಚಿ ಲೈಬ್ರರಿಯ ಬಾಗಿಲು ತೆರೆದ ದಿನ ಅವಳಿಗೆ ಭಯವಾಗಿದ್ದು ನಿಜ. ಆದರೆ ಗೋಡೆ ಇಷ್ಟು ಕೆಟ್ಟದಾಗಿ ಕಾಣುತ್ತದೆ ಅಂದುಕೊಂಡಿರಲಿಲ್ಲ.

ಮಳೆ ತಾಗಿದ ಕಡೆ ಗೋಡೆ ಮಂಕಾಗಿತ್ತು, ತಾಗದ ಕಡೆ ಬೆಳ್ಳಗೆ ಫಳಫಳ. ಎಲ್ಲೋ ಕಪ್ಪು, ಎಲ್ಲೋ ಬಿಳುಪು, ಅರ್ಧ ತೊಳೆದ ಪಾತ್ರೆಯಂತೆ. ಹೊಸ ಜಿಂಕ್ ಬಣ್ಣಕ್ಕೆ ಬರುವ ಮೊದಲು ಹೀಗೇ ಕಾಣುತ್ತದೆ, ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಊರಿಗೆ ಗೊತ್ತಿರಬೇಕಲ್ಲ?

"ಏನ್ರೀ, ಲೈಬ್ರರಿ ಅಂದ್ರು, ಪಾತ್ರೆ ಅಂಗಡಿ ಕಟ್ಟಿದ್ದಾರೆ."

"ಪುಸ್ತಕದ ಜೊತೆ ಒಂದು ಸೌಟೂ ಕೊಡ್ತಾರಂತೆ."

ಹಾದಿಬೀದಿಯಲ್ಲಿ ಅದೇ ಮಾತು, ಅದೂ ಉಪ್ಪು ಖಾರ ಹಚ್ಚಿ. ಅಧ್ಯಕ್ಷರು ಅವಳನ್ನು ಕರೆಸಿದರು.

"ಹಸಿರು ಬಣ್ಣ ಹೊಡೆಸಿಬಿಡೋಣ ಕಣಮ್ಮ. ಜನ ನಗ್ತಿದ್ದಾರೆ."

"ಬೇಡ ಸರ್. ಬಣ್ಣ ಹೊಡೆದ್ರೆ ಆ ಗೋಡೆ ಇನ್ನು ಯಾವತ್ತೂ ತಾನಾಗಿ ಬದುಕಲ್ಲ. ಬಣ್ಣ ಸಿಪ್ಪೆ ಏಳುತ್ತೆ, ಮತ್ತೆ ಹೊಡೀಬೇಕು, ಮತ್ತೆ ಏಳುತ್ತೆ... ಒಂದು ಮಳೆಗಾಲ ಕೊಡಿ, ಕೈ ಮುಗೀತೀನಿ."

ಅಧ್ಯಕ್ಷರು ಅವಳನ್ನೇ ನೋಡಿದರು. "ಸರಿ. ಈ ಮಳೆಗಾಲ ಮುಗಿಯಲಿ. ಆಮೇಲೂ ಹೀಗೇ ಇದ್ರೆ ನನ್ನನ್ನ ತಡೀಬೇಡ." ಆಮೇಲೆ ಏನೋ ನೆನಪಾದಂತೆ ಅಂದರು, "ನಿನ್ನೆ ನಿಮ್ಮ ಮೇಸ್ತ್ರಿನೂ ಬಂದಿದ್ದ. ಪಕ್ಕದ ಗೋಡೇಲಿ ಬಿಳಿ ಕಲೆ ಎದ್ದಿದೆಯಲ್ಲ, ಅದು ತನ್ನ ತಪ್ಪಂತೆ, ನೆನೆದ ತಗಡು ಹಾಕಿಬಿಟ್ಟಿದ್ದನಂತೆ. ಬದಲಾಯಿಸ್ತೀನಿ ಅಂದ."

ಅವಳು ಅಲ್ಲಿಂದ ಸೀದಾ ಲೈಬ್ರರಿಗೆ ಓಡಿದಳು.

ಪಕ್ಕದ ಓಣಿಗೆ ಹೋದರೆ ಅವನು ಏಣಿಯ ಮೇಲಿದ್ದ. ಸೂರಿನ ಕೆಳಗಿನ ತಗಡುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಬಿಚ್ಚಿದ್ದರ ಮೇಲೆಲ್ಲ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ. ತಗಡು ಒಂದರ ಮೇಲೊಂದು ಇದ್ದಾಗ ಮಧ್ಯೆ ನೀರು ನಿಂತರೆ ಏಳುವ ಕಲೆ ಅದು. ಈ ಕಸುಬಿನಲ್ಲಿ ಮೊದಲ ದಿನ ಕಲಿಯುವ ಪಾಠವೇ ತಗಡನ್ನು ಒಣಗಿಸಿಡುವುದು.

"ಇಳೀರಿ ಕೆಳಗೆ."

ಇಳಿದ.

"ಮಳೇಲಿ ತಗಡು ಬಿಟ್ಟಿದ್ರಾ?"

"ಹೌದು ಮೇಡಂ."

"ಟಾರ್ಪಾಲಿನ್ ಹೊದಿಸಲಿಲ್ವಾ?"

"ಇಲ್ಲ."

"ನೆನೆದಿದೆ ಅಂತ ಗೊತ್ತಿದ್ದೂ ಗೋಡೆಗೆ ಹಾಕಿದ್ರಾ?"

"ಒರೆಸಿ ಒಣಗಿಸಿದ್ದೆ. ಕಲೆ ಅಷ್ಟೇನೂ ಇರಲಿಲ್ಲ, ಉಳಿದದ್ದರ ಜೊತೆ ಕೂಡಿಕೊಳ್ಳುತ್ತೆ ಅಂದುಕೊಂಡೆ. ಸೂರಿನ ಕೆಳಗೆ ಮಳೆ ತಾಗಲ್ಲ, ಕೂಡಿಕೊಳ್ಳಲಿಲ್ಲ. ತಪ್ಪು ನಂದೇ."

"ಯಾಕೆ ಬಿಟ್ರಿ? ಹೊಸಬರೂ ಮಾಡದ ತಪ್ಪು ಇದು. ನೀವು ಹೇಗೆ ಮಾಡಿದ್ರಿ?"

ಅವನು ಒಮ್ಮೆ ಅವಳ ಮುಖ ನೋಡಿದ. ಏನೋ ಹೇಳಬೇಕೆಂದವನು ನುಂಗಿಕೊಂಡ. ಆ ಮೌನವೇ ಅವಳ ಪಿತ್ತ ನೆತ್ತಿಗೇರಿಸಿತು.

"ನನ್ನ ಹತ್ರ ಒಂದು ಮಾತು ಹೇಳದೆ ಅಧ್ಯಕ್ಷರ ಹತ್ರ ಹೋದ್ರಿ. ಊರೆಲ್ಲ ನಗ್ತಿರೋವಾಗ... ನಾನು ಈ ಗೋಡೇನ ನನ್ನ ಜೀವ ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿದ್ದೀರಿ ಅನ್ನೋದು ನನ್ನ ಹುಚ್ಚು. ನಿಮಗೆ ಇದು ಬರೀ ಕೂಲಿ ಕೆಲಸ."

ಅವನ ಮುಖ ಹೊಡೆತ ತಿಂದಂತಾಯಿತು. ಅವಳು ಚೀಲದಲ್ಲಿದ್ದ ಗ್ಲೌಸ್ ತೆಗೆದು ಏಣಿಯ ಮೆಟ್ಟಿಲ ಮೇಲಿಟ್ಟಳು.

"ಕೆಲಸ ಮುಗಿಸಿ ಹೋಗಿ. ಇನ್ನು ನನ್ನ ಕಣ್ಣಿಗೆ ಬೀಳಬೇಡಿ."

"ಆಗಲಿ ಮೇಡಂ," ಅಂದ. ಅಷ್ಟೇ.

ಮಳೆಗಾಲ ಹಿಡಿಯಿತು. ಅವನು ಹೇಳಿದಂತೆ ಹೊಸ ತಗಡು ಹಾಕಿ ಹೋಗಿದ್ದ, ಕಣ್ಣಿಗೂ ಬೀಳಲಿಲ್ಲ. ಅವಳು ಕೇಳಿದ್ದೂ ಅದೇ ತಾನೇ? ಆದರೂ ಮೆಸೇಜಿನ ಸದ್ದಾದರೆ ಮೊದಲು ಅವನ ಹೆಸರನ್ನೇ ಹುಡುಕುತ್ತಿದ್ದಳು. ಇಲ್ಲದಿದ್ದರೆ ಫೋನ್ ಮಗುಚಿ ಹಾಕುತ್ತಿದ್ದಳು.

ಆಫೀಸಿನ ಕಿಟಕಿಗೆ ಮಳೆ ಬಡಿದಾಗಲೆಲ್ಲ 'ಬೀಳು, ಚೆನ್ನಾಗಿ ಬೀಳು' ಅಂತ ಗೋಡೆಗಾಗಿ ಬೇಡಿಕೊಳ್ಳುತ್ತಿದ್ದಳು. ಆಮೇಲೆ ಅವನ ನೆನಪಾಗಿ ಮುಖ ಊದಿಸಿಕೊಳ್ಳುತ್ತಿದ್ದಳು. ಯಾಕೆ ಹೇಳಲಿಲ್ಲ? ಮರೆತೆ ಅಂದಿದ್ದರೂ ಸಾಕಿತ್ತು, ಸೋಮಾರಿತನ ಅಂದಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ... ಏನೂ ಇಲ್ಲ ಅಂದರೆ?

ಹೆದರಿ ಹೆದರಿ ಅವಳು ಆ ಬೀದಿಗೇ ಹೋಗುವುದನ್ನು ಬಿಟ್ಟಳು. ದಿನಾ ನೋಡಿದರೆ ಬಣ್ಣ ಬದಲಾಗಿದ್ದು ಕಾಣುವುದಿಲ್ಲ ಅನ್ನುವುದು ಅವಳು ಹೇಳಿಕೊಂಡ ನೆಪ.

ಮಳೆ ನಿಂತು ಆಕಾಶ ತೊಳೆದಿಟ್ಟಂತಾದ ಒಂದು ಬೆಳಿಗ್ಗೆ ಅಧ್ಯಕ್ಷರ ಫೋನ್ ಬಂತು. "ಇವತ್ತು ನಗರಸಭೆ ಸಮಿತಿಯವರೆಲ್ಲ ಗೋಡೆ ನೋಡೋಕೆ ಬರ್ತಿದ್ದೀವಿ. ಬಣ್ಣದವನೂ ಬರ್ತಾನೆ."

ಅವಳಿಗೆ ತಿಂಡಿ ಇಳಿಯಲಿಲ್ಲ. "ನಾನೂ ಬರ್ತೀನಿ ನಡಿ," ಅಂತ ಅಮ್ಮ ಕೋಲು ಹಿಡಿದು ಹೊರಟೇಬಿಟ್ಟರು. ಕಾಲು ವಾಸಿಯಾಗಿತ್ತು, ಕೋಲು ಬರೀ ಗತ್ತಿಗೆ.

ತಿರುವಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು.

"ಪುಟ್ಟಿ, ಕಣ್ಣು ಬಿಡೇ," ಅಮ್ಮನ ದನಿ. "ಇದೇನೇ ನಿನ್ನ ಗೋಡೆ? ಎಷ್ಟು ಚೆನ್ನಾಗಿದೆ..."

ಕಣ್ಣು ಬಿಟ್ಟಳು.

ಕಪ್ಪು, ಬಿಳುಪು, ಫಳಫಳ, ಯಾವುದೂ ಇರಲಿಲ್ಲ. ಮಾಡಿನ ತುದಿಯಿಂದ ನೆಲದವರೆಗೆ ಇಡೀ ಕಟ್ಟಡ ಒಂದೇ ಬೂದು ಬಣ್ಣಕ್ಕೆ ಬಂದಿತ್ತು. ಅವಳ ಚೀಲದಲ್ಲಿದ್ದ ತುಂಡಿನಷ್ಟು ಗಾಢವಲ್ಲ, ಆದರೆ ಅದರದೇ ವಂಶ. ಬೆಳಗಿನ ಬೆಳಕು ಅದರ ಮೇಲೆ ಮೆತ್ತಗೆ ಕೂತಿತ್ತು. ಮೆಟ್ಟಿಲ ಮೇಲೆ ಇಬ್ಬರು ಮುದುಕರು ಪೇಪರ್ ಹಂಚಿಕೊಂಡು ಗೋಡೆಗೆ ಒರಗಿ ಓದುತ್ತಿದ್ದರು, ತಮ್ಮ ಮನೆಯ ಗೋಡೆಗೆ ಒರಗಿದ ಹಾಗೆ.

ಅಧ್ಯಕ್ಷರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಇದೇನಾ ಆ ಪಾತ್ರೆ ಅಂಗಡಿ?"

ಅಧ್ಯಕ್ಷರು ಬಣ್ಣದವನ ಕಡೆ ತಿರುಗಿ, "ನಿನಗೆ ಇಲ್ಲಿ ಕೆಲಸ ಇಲ್ಲಪ್ಪ. ಟೀ ಕುಡಿದು ಹೋಗು" ಅಂದರು. ಆಮೇಲೆ ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, "ಗೆದ್ದೆ ಕಣಮ್ಮ. ಒಪ್ಪಿಕೊಂಡೆ" ಅಂದರು.

ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಹೇಗೆ ಉರುಳಿಹೋಯಿತೋ, ಅವಳು ಬಾಯಿ ತುಂಬ ಉಸಿರೆಳೆದು ಬಿಟ್ಟಳು. ಮತ್ತೊಮ್ಮೆ ಎಳೆದು ಬಿಟ್ಟಳು. ಆಹಾ, ಉಸಿರಾಡುವುದು ಇಷ್ಟು ಸುಲಭ ಅಂತ ಮರೆತೇಹೋಗಿತ್ತು. ಈ ಖುಷಿಯನ್ನು ಯಾರಿಗೆ ಮೊದಲು ಹೇಳಲಿ ಅಂತ ಕಣ್ಣು ತಾನಾಗಿ ಹುಡುಕಿತು. ಹುಡುಕಿದ ಮುಖ ಅಲ್ಲಿರಲಿಲ್ಲ.

"ಎಲ್ಲೇ ಆ ಹುಡುಗ?" ಅಮ್ಮನೂ ಅದನ್ನೇ ಕೇಳಿದರು. "ಇವತ್ತಾದ್ರೂ ಬರ್ಬಾರದಿತ್ತಾ?"

"ಯಾವ ಹುಡುಗ?"

"ಅದೇ, ಮೀಸೆ ಇರೋ ತಗಡು. ಪಾಪ, ಆವತ್ತು ನನ್ನಿಂದ ಅವನ ತಗಡೆಲ್ಲ ನೆನೆದು ಹೋಯ್ತೋ ಏನೋ. ಕೇಳಬೇಕು ಅಂತಾನೇ ಇದ್ದೆ."

ಅವಳು ಗಕ್ಕನೆ ನಿಂತಳು. "ಏನಂದೆ?"

"ಆಸ್ಪತ್ರೇಲಿ ಕಣೇ. ನೀನು ಔಷಧಿಗೆ ಹೋಗಿದ್ದೆ. ಕಟ್ಟಡದ ಕಾವಲಿನವನು ಫೋನ್ ಮಾಡಿದ, ಮಳೆ ಬಂತು, ತಗಡು ಆಚೆ ಇದೆ, ಹೊದಿಸೋ ಟಾರ್ಪಾಲಿನ್ ಎಲ್ಲಿದೆ ಅಂತ. ಇವನು, ಅದು ವ್ಯಾನಲ್ಲೇ ಇದೆಯಲ್ಲ ಅಂತ ಎದ್ದು ನಿಂತ. ನನಗೋ ನೋವು, ಭಯ. ಅವನ ಕೈ ಹಿಡ್ಕೊಂಡು, ಹೋಗ್ಬೇಡ ಕಣಪ್ಪಾ, ಅವಳು ಬರೋವರೆಗೂ ಇರು ಅಂದುಬಿಟ್ಟೆ. ಮತ್ತೆ ಕೂತ. ಫೋನಲ್ಲಿ, ಬಿಡು, ನೆನೀಲಿ ಅಂದ. ಮಳೆ ನಿಲ್ಲೋವರೆಗೂ ಕಿಟಕಿ ನೋಡ್ತಾನೇ ಇದ್ದ."

ಕಿಟಕಿ... ಅವಳ ಕಿವಿಯಲ್ಲಿ ಅವತ್ತಿನ ಮಳೆ ಮತ್ತೆ ರಪರಪ ಬಡಿಯಿತು. ನಾನು ಕೇಳಿದಾಗ ಅವನ ಬಾಯಿಗೆ ಬಂದು ನಿಂತದ್ದು ಇದೇ. ನುಂಗಿಕೊಂಡದ್ದೂ ಇದನ್ನೇ. ಅಂಥವನಿಗೆ ನಾನು ಏನಂದೆ? ಬರೀ ಕೂಲಿ ಕೆಲಸ ಅಂದೆ.

"ನನಗ್ಯಾಕೆ ಹೇಳಲಿಲ್ಲಮ್ಮ ನೀನು?"

"ನೀನು ಅವನ ಹೆಸರೆತ್ತಿದ್ರೆ ಸಿಡುಕ್ತಿದ್ದೆಯಲ್ಲೇ. ನಾನು ಯಾವ ಬಾಯಲ್ಲಿ ಹೇಳಲಿ?"

ಅವಳು ಅವನ ನಂಬರ್ ಒತ್ತಿದಳು. ಎತ್ತು... ದಯವಿಟ್ಟು ಎತ್ತು.

ರಿಂಗಾಯಿತು. ಫೋನಿನಲ್ಲಿ ಮಾತ್ರವಲ್ಲ. ಲೈಬ್ರರಿಯ ಪಕ್ಕದ ಓಣಿಯಲ್ಲೂ ರಿಂಗಾಯಿತು.

ಅಮ್ಮ ಕೋಲಿನಿಂದ ಆ ಕಡೆ ತೋರಿಸಿದರು. "ಹೋಗು. ನಾನು ಒಳಗೆ ಹೋಗಿ ಒಂದು ಪುಸ್ತಕ ನೋಡ್ತೀನಿ. ನಿಧಾನಕ್ಕೆ ಬಾ."

ಅವನು ಪಕ್ಕದ ಬಾಗಿಲಿನ ಹತ್ತಿರ ನಿಂತಿದ್ದ. ಕೈಯಲ್ಲಿ ಕೂಗುತ್ತಿರುವ ಫೋನ್, ಎತ್ತಬೇಕೋ ಬೇಡವೋ ಅನ್ನುವ ಮುಖ. ಅವಳನ್ನು ಕಂಡು ಒಂದು ಹೆಜ್ಜೆ ಹಿಂದಿಟ್ಟ.

"ಕಣ್ಣಿಗೆ ಬೀಳಬೇಡ ಅಂದಿದ್ರಿ. ಸಮಿತಿಯವರು ಏನಂತಾರೋ ಕೇಳಿಕೊಂಡು ಹಿಂದಿನಿಂದಲೇ ಹೋಗೋಣ ಅಂತಿದ್ದೆ. ಬಣ್ಣ... ಹೊಡೆಸ್ತಾರಾ?"

"ಇಲ್ಲ."

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಸದ್ಯ," ಅಂದ. ಅದೊಂದೇ ಮಾತು. ಅವನೂ ಅವಳಷ್ಟೇ ದಿನ ಉಸಿರು ಬಿಗಿಹಿಡಿದಿದ್ದ ಅಂತ ಅವಳಿಗೆ ಗೊತ್ತಾಗಲು ಆ ಒಂದು ಮಾತು ಸಾಕಾಯಿತು.

"ಅಮ್ಮ ಎಲ್ಲ ಹೇಳಿದ್ರು," ಅಂದಳು. ಕಣ್ಣು ತುಂಬಿ ಬಂದಿತ್ತು. "ಅವತ್ತು ನಾನು ಯಾಕೆ ಅಂತ ಕೇಳಿದಾಗ ಹೇಳ್ಬೋದಿತ್ತಲ್ಲ?"

"ಹೇಳಿದ್ರೆ, ಅಮ್ಮನಿಂದ ನನ್ನ ಗೋಡೆ ಕೆಟ್ಟಿತು ಅಂತ ಕೊರಗ್ತಿದ್ರಿ. ಗೋಡೆಗೆ ಬೇರೆ ತಗಡು ಹಾಕಬಹುದು. ಅದನ್ನ ಹೇಗೆ ಬದಲಾಯಿಸೋದು?" ಸ್ವಲ್ಪ ತಡೆದು ಅಂದ, "ನೆನೆದ ತಗಡನ್ನ ಗೋಡೆಗೆ ಹಾಕಿದ್ದು ಮಾತ್ರ ನನ್ನ ತಪ್ಪೇ. ಅದಕ್ಕೆ ಬೈದಿದ್ದು ಸರಿ."

"ಕೂಲಿ ಕೆಲಸ ಅಂದಿದ್ದು?"

"ಅದು ಸರಿ ಅಲ್ಲ," ಅಂದ ಮೆಲ್ಲಗೆ. "ಅದರಿಂದ ತುಂಬಾ ನೋವಾಯ್ತು."

"ಕ್ಷಮಿಸಿ. ನನ್ನ ನಾಲಿಗೆಗೆ... ಕ್ಷಮಿಸಿಬಿಡಿ."

"ಅಮ್ಮ ತಡೆದ್ರು ಅನ್ನೋದೂ ಪೂರ್ತಿ ನಿಜ ಅಲ್ಲ ಮೇಡಂ." ಅವನು ನೆಲ ನೋಡಿದ. "ಅವರು ಕೈ ಬಿಟ್ಟಿದ್ರೂ ನಾನು ಹೋಗ್ತಿರಲಿಲ್ಲ. ನೀವು ಔಷಧಿ ತಗೊಂಡು ವಾಪಸ್ ಬಂದಾಗ ಅಲ್ಲಿ ನಾನಿರ್ಬೇಕು ಅನ್ನಿಸ್ತು. ಅವತ್ತು ಅಂತಲ್ಲ. ಯಾವತ್ತೂ."

ಅವಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನಿಂತಳು.

"ಮೊದಲು ಆ ಮೇಡಂ ಅನ್ನೋದನ್ನ ಬಿಡಿ," ಅಂದಳು, ಕಣ್ಣೀರಲ್ಲೇ ನಗುತ್ತ. "ಯಾವತ್ತೂ ಇರೋರು ಯಾರಾದ್ರೂ ಮೇಡಂ ಅಂತಾರಾ?"

ಅವನು ತಲೆಯೆತ್ತಿದ. ಮೀಸೆಯ ಕೆಳಗಿನ ನಗು ಕಿವಿಯವರೆಗೂ ಹೋಯಿತು.

"ಹಾಗಾದ್ರೆ ಒಂದು ತೋರಿಸ್ಬೇಕು. ಬಾ."

ಬಾಗಿಲ ಪಕ್ಕದಲ್ಲಿ, ಎದೆಯೆತ್ತರದಲ್ಲಿದ್ದ ಒಂದು ತಗಡಿನ ಮುಂದೆ ನಿಲ್ಲಿಸಿದ.

"ಇದು ಮೊದಲ ದಿನದ ತಗಡು. ನೀನು ಪಕ್ಕಕ್ಕೆ ಹಾಕು ಅಂದಿದ್ದೆ. ಮನಸ್ಸು ಬರಲಿಲ್ಲ. ನಾವು ಕೆಲಸದವರು ಟೀ ಕುಡಿಯೋಕೆ ಕೂರ್ತಿದ್ದ ಜಾಗ ಇದು, ಇಲ್ಲಿ ಹಾಕಿಕೊಂಡೆ. ನಿನ್ನ ಗ್ಲೌಸ್ ಅಳತೆಯನ್ನೂ ಇದರಿಂದಲೇ ತಗೊಂಡಿದ್ದು. ಮಳೆಗಾಲ ಪೂರ್ತಿ ಬಂದು ನೋಡಿ ಹೋಗ್ತಿದ್ದೆ."

ಅವಳು ಹತ್ತಿರ ಬಗ್ಗಿದಳು. ಬೆರಳಿಲ್ಲ, ಅಂಗೈಯಿಲ್ಲ. ಬರೀ ನಯವಾದ ಬೂದು ಬಣ್ಣ.

"ಏನೂ ಇಲ್ಲವಲ್ಲ."

"ಹೋಯ್ತು. ಬಣ್ಣ ಬರ್ತಾ ಬರ್ತಾ ಮುಚ್ಚಿಕೊಳ್ತು. ಹೆಬ್ಬೆರಳು ಮೊನ್ನೆವರೆಗೂ ಇತ್ತು." ದನಿ ಸಣ್ಣಗಾಯಿತು. "ಗೋಡೆ ಒಂದೇ ಬಣ್ಣಕ್ಕೆ ಬರಲಿ ಅಂತ ಬೇಡಿಕೊಳ್ತಿದ್ದೆ, ಈ ಒಂದು ಮಾತ್ರ ಬರದಿರಲಿ ಅಂತಾನೂ ಬೇಡಿಕೊಳ್ತಿದ್ದೆ."

ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. ಬಲಗೈ ಎತ್ತಿದಳು. "ಇನ್ನೊಂದು ಸಲ ಇಡಲಾ?"

ಅವನು ಜೇಬಿಗೆ ಕೈ ಹಾಕಿ ಚಿಕ್ಕ ಗ್ಲೌಸ್ ಜೋಡಿಯನ್ನು ಹೊರತೆಗೆದ. ಅವಳು ಏಣಿಯ ಮೇಲಿಟ್ಟು ಹೋಗಿದ್ದವು. "ಇವನ್ನ ಹಾಕ್ಕೊಂಡು ಇಡು."

"ಹಾಕ್ಕೊಳ್ಳಲ್ಲ."

"ಡ್ರಾಯಿಂಗ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ."

"ಬರೆದವಳು ನಾನೇ. ಹಾಕ್ಕೊಳ್ಳಲ್ಲ."

ಅವನು ಗ್ಲೌಸ್ ಮತ್ತೆ ಜೇಬಿಗೆ ತುರುಕಿದ. ತನ್ನ ಬರಿಗೈಯನ್ನು, ಐದೂ ಬೆರಳು ಅಗಲಿಸಿ, ಗೋಡೆಗೂ ಅವಳಿಗೂ ನಡುವೆ ಹಿಡಿದ.

"ಹಾಗಾದ್ರೆ ಇಲ್ಲಿಡು."

ಇಟ್ಟಳು.

"ಗುರುತು ಬಿದ್ರೆ?"

"ಬೀಳಲಿ," ಅಂದ, ಬೆರಳು ಮಡಿಚಿ ಅವಳ ಕೈಯನ್ನು ಮುಚ್ಚುತ್ತ. "ಇದರ ಮೇಲೆ ನಾನು ಮಳೆ ಬೀಳೋಕೆ ಬಿಡಲ್ಲ."